ಸಿಂಕ್ರೋ ಇಲ್ಲದ ಹಳೇ ಮೂತಿ ಲಾರಿ: ಮೇಲಿನ ಗೇರ್ ಬೀಳುತ್ತೆ, ಕೆಳಗಿನದು ಗರ್ರ್ ಅನ್ನುತ್ತೆ. ತಪ್ಪು ಎಲ್ಲಿ?

ಮೂತಿಲಾರಿ:
ಎಲ್ಲರಿಗೂ ನಮಸ್ಕಾರ. ಗಾಡಿ 1960ರ ದಶಕದ ಟಾಟಾ-ಮರ್ಸಿಡಿಸ್, ಮೂತಿ ಲಾರಿ (ಎಂಜಿನ್ ಮುಂದಕ್ಕೆ ಚಾಚಿರೋದು), ಆರು ಸಿಲಿಂಡರ್ ಡೀಸೆಲ್, ಐದು ಗೇರ್. ಬಾಕ್ಸ್ ಬಿಚ್ಚಿದಾಗ ಒಳಗೆ ಸಿಂಕ್ರೋ ರಿಂಗ್ (ಗೇರ್ ಬೀಳುವಾಗ ವೇಗ ಸಮ ಮಾಡೋ ಬಳೆ) ಒಂದೂ ಇರಲಿಲ್ಲ. ಬೇರಿಂಗ್, ಸೀಲ್ ಹೊಸದು, ಎಣ್ಣೆ 90 ನಂಬರ್. ಎಂಜಿನ್ ಸುತ್ತು ತೋರಿಸೋ ಟ್ಯಾಕೋ ಮೀಟರ್ ಇಲ್ಲ. ಲೋಡ್ ಇಲ್ಲ, ಖಾಲಿ ಗಾಡಿ, ಸಮತಟ್ಟು ರಸ್ತೆ.
ಸೆಕೆಂಡ್‌ನಿಂದ ಥರ್ಡ್, ಥರ್ಡ್‌ನಿಂದ ಫೋರ್ತ್ ಸ್ವಲ್ಪ ತಡೆದು ಹಾಕಿದ್ರೆ ಬೀಳುತ್ತೆ. ಫೋರ್ತ್‌ನಿಂದ ಥರ್ಡ್‌ಗೆ, ಥರ್ಡ್‌ನಿಂದ ಸೆಕೆಂಡ್‌ಗೆ ಇಳಿಸೋಕೆ ಹೋದ್ರೆ ಗರ್ರ್ ಅಂತ ಹಲ್ಲು ಕಡಿಯುತ್ತೆ. ಕ್ಲಚ್ ಪೂರ್ತಿ ಒತ್ತಿ, ರೇಸ್ ಕೊಟ್ಟು, ಲಿವರ್ ಎಳೀತಿರೋದು. ರೇಸ್ ಜಾಸ್ತಿ ಕೊಟ್ಟರೂ ಅಷ್ಟೇ, ಕಮ್ಮಿ ಕೊಟ್ಟರೂ ಅಷ್ಟೇ. ಗೇರ್ ಬಾಕ್ಸಿನ ದೋಷವೋ, ಕಾಲಿನ ದೋಷವೋ?

ಹುಬ್ಬಳ್ಳಿ_ಲೋಡ್:
ಕಾಲಿಂದು ರೀ. ಉತ್ತರ ನಿಮ್ಮ ಪೋಸ್ಟ್‌ನ್ಯಾಗ ಅದ. ಕ್ಲಚ್ ಒತ್ತಿ ಹಿಡಿದು ರೇಸ್ ಕೊಟ್ಟರ ಎಂಜಿನ್ ಒಂದ ತಿರಗತೈತಿ, ಬಾಕ್ಸಿಗೆ ಏನೂ ಮುಟ್ಟಂಗಿಲ್ಲ. ನ್ಯೂಟ್ರಲ್‌ನ್ಯಾಗ ಕ್ಲಚ್ ಬಿಟ್ಟು ರೇಸ್ ಕೊಡ್ರಿ.

ಡಬಲ್‌ಕ್ಲಚ್:
ಹುಬ್ಬಳ್ಳಿಯವರು ಹೇಳಿದ್ದೇ ಸರಿ. ಕಾರಣ ಗೊತ್ತಿದ್ರೆ ಕಾಲು ಬೇಗ ಕಲಿಯುತ್ತೆ, ಅದಕ್ಕೆ ಸ್ವಲ್ಪ ಬಿಡಿಸಿ ಬರೀತೀನಿ.

ಬಾಕ್ಸ್ ಒಳಗೆ ಎರಡು ಗುಂಪು ಅಂತ ಇಟ್ಕೊಳ್ಳಿ. ಮೊದಲನೇದು ಕ್ಲಚ್ ಪ್ಲೇಟ್, ಇನ್‌ಪುಟ್ ಶಾಫ್ಟ್, ಕೆಳಗಿನ ಕೌಂಟರ್ ಶಾಫ್ಟ್, ಅದಕ್ಕೆ ಹಲ್ಲು ಕೊಟ್ಟಿರೋ ಗೇರ್‌ಗಳು. ಇವು ಒಟ್ಟಿಗೇ ತಿರುಗೋದು. ಎರಡನೇದು ಔಟ್‌ಪುಟ್ ಶಾಫ್ಟ್, ಅದರ ಮೇಲಿನ ಡಾಗ್ (ಗೇರ್‌ಗೆ ಕಚ್ಚಿಕೊಳ್ಳೋ ಹಲ್ಲು), ಪ್ರೊಪೆಲ್ಲರ್ ಶಾಫ್ಟ್, ಕ್ರೌನ್ (ಹಿಂದಿನ ಆಕ್ಸಲ್‌ನ ದೊಡ್ಡ ಗೇರ್), ಚಕ್ರ. ಇವು ಗಾಡಿಯ ವೇಗಕ್ಕೆ ಕಟ್ಟಿ ಹಾಕಿದ ಹಾಗೆ. ಗೇರ್ ಬೀಳಬೇಕಾದ್ರೆ ಹಾಕೋ ಗೇರ್‌ನ ಡಾಗ್ ಹಲ್ಲೂ ಔಟ್‌ಪುಟ್ ಕಡೆಯ ಹಲ್ಲೂ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ತಿರುಗ್ತಿರಬೇಕು. ಹೊಸ ಗಾಡಿಯಲ್ಲಿ ಸಿಂಕ್ರೋ ರಿಂಗ್ ಉಜ್ಜಿ ಸಮ ಮಾಡುತ್ತೆ. ನಿಮ್ಮದರಲ್ಲಿ ಆ ಕೆಲಸ ಆಕ್ಸಿಲರೇಟರ್‌ದು.

ಮೇಲಕ್ಕೆ ಹಾಕುವಾಗ ಮೊದಲ ಗುಂಪು ನಿಧಾನ ಆಗಬೇಕು. ಎಣ್ಣೆಯ ತಡೆಗೆ ಅದು ತಾನೇ ನಿಧಾನ ಆಗುತ್ತೆ, ಅದಕ್ಕೇ ಬೀಳ್ತಿದೆ. ಕೆಳಕ್ಕೆ ಇಳಿಸುವಾಗ ಅದೇ ಗುಂಪು ಜೋರಾಗಬೇಕು. ತಾನೇ ಜೋರಾಗಲ್ಲ, ಎಂಜಿನ್ ತಿರುಗಿಸಬೇಕು. ಕ್ಲಚ್ ಒತ್ತಿದ್ದರೆ ಎಂಜಿನ್‌ಗೆ ಅದರ ಸಂಪರ್ಕವೇ ಇಲ್ಲ.

ಇಳಿಸುವ ಕ್ರಮ, ಇದಕ್ಕೇ ಡಬಲ್ ಕ್ಲಚ್ ಅನ್ನೋದು: ಕ್ಲಚ್ ಒತ್ತು, ಲಿವರ್ ನ್ಯೂಟ್ರಲ್‌ಗೆ, ಕ್ಲಚ್ ಬಿಡು, ರೇಸ್ ಕೊಡು, ಕ್ಲಚ್ ಒತ್ತು, ಗೇರ್ ಹಾಕು, ಕ್ಲಚ್ ಬಿಡು. ಎರಡನೇ ಸಲ ಕ್ಲಚ್ ಒತ್ತೋದು ಗೇರ್ ಹಾಕೋ ಆ ಕ್ಷಣಕ್ಕೆ ಮಾತ್ರ. ಒತ್ತಿಕೊಂಡು ಕೂತರೆ ಕೊಟ್ಟ ರೇಸ್ ನೀರಿಗೆ ಹೋದ ಹಾಗೆ, ಮೊದಲ ಗುಂಪು ಮತ್ತೆ ಇಳಿದುಬಿಡುತ್ತೆ.

ಗಿಯರ್_ಗಿರಾಕಿ:
ಇಷ್ಟೆಲ್ಲಾ ಯಾಕೆ? ಲಾರಿ ಡ್ರೈವರ್‌ಗಳು ಕ್ಲಚ್ಚೇ ಮುಟ್ಟದೆ ಹಾಕ್ತಾರೆ. ರೇಸ್ ಹೊಂದಿದ್ರೆ ಲಿವರ್ ತಾನಾಗೇ ಜಾರುತ್ತೆ.

ಗ್ಯಾರೇಜ್_ಮೇಸ್ತ್ರಿ:
ಹಾಕ್ತಾರೆ ಸ್ವಾಮಿ. ಆ ಡಾಗ್ ಹಲ್ಲು ಆಮೇಲೆ ಹೇಗಿರುತ್ತೆ ಅಂತ ಬಾಕ್ಸ್ ಬಿಚ್ಚಿದವರನ್ನ ಕೇಳಿ. ಚೌಕಾಗಿರಬೇಕಾದ ಹಲ್ಲಿನ ಮೂಲೆ ಸವೆದು ಗುಂಡಗಾಗುತ್ತೆ, ಓರೆ ಬೀಳುತ್ತೆ. ಆಮೇಲೆ ಲೋಡ್‌ನಲ್ಲಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ಗೇರ್ ಹೊರಕ್ಕೆ ಎಗರುತ್ತೆ. ಆ ಕಾಲದ ಬಾಕ್ಸಿಗೆ ಹೊಸ ಗೇರ್ ಸಿಗೋದು ಅಷ್ಟರಲ್ಲೇ ಇದೆ, ಗುಜರಿಯಲ್ಲಿ ಹುಡುಕ್ಬೇಕು. ಕಲಿಯೋರಿಗೆ ಈ ಪಾಠ ಬೇಡ.

ಗಿಯರ್_ಗಿರಾಕಿ:
ಕಲಿಯೋರಿಗೆ ಬೇಡ, ಒಪ್ಪಿದೆ. ಆದ್ರೆ ಮೇಲಕ್ಕೆ ಹಾಕೋಕೆ ಡಬಲ್ ಕ್ಲಚ್ ಬೇಕೇ ಬೇಕು ಅನ್ನೋದೂ ಸುಳ್ಳು. ಒಂದೇ ಸಲ ಒತ್ತಿ, ನ್ಯೂಟ್ರಲ್‌ನಲ್ಲಿ ಒಂದು ಗಳಿಗೆ ನಿಲ್ಲಿಸಿ, ಹಾಕಿದ್ರೆ ಆಯ್ತು.

ಡಬಲ್‌ಕ್ಲಚ್:
ಬೀಳುತ್ತೆ, ಆದ್ರೆ ಎಷ್ಟು ಹೊತ್ತು ನಿಲ್ಲಿಸಬೇಕು ಅನ್ನೋದು ದಿನಾ ಬದಲಾಗುತ್ತೆ. ಬೆಳಿಗ್ಗೆ 90 ನಂಬರ್ ಎಣ್ಣೆ ಗಟ್ಟಿ ಇದ್ದಾಗ ಶಾಫ್ಟ್ ಬೇಗ ನಿಧಾನ ಆಗುತ್ತೆ, ಮಧ್ಯಾಹ್ನ ಬಾಕ್ಸ್ ಕಾದಾಗ ನಿಧಾನ ಆಗೋಕೆ ಹೊತ್ತು ಹಿಡಿಯುತ್ತೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟರೆ ಶಾಫ್ಟ್ ಎಂಜಿನ್ ಜೊತೇಲೇ ಇಳಿಯುತ್ತೆ. ಎಂಜಿನ್ ಸದ್ದು ಕಿವಿಗೆ ಕೇಳುತ್ತೆ, ಒಂಟಿ ಶಾಫ್ಟ್ ಸದ್ದು ಕ್ಯಾಬಿನ್‌ನಲ್ಲಿ ಯಾರಿಗೆ ಕೇಳುತ್ತೆ? ಟ್ಯಾಕೋ ಇಲ್ಲದ ಗಾಡಿಗೆ ಇದೇ ಲಾಭ.

ಶಿರಾಡಿ_ಘಾಟಿ:
ಮೊದಲು ಕ್ಲಚ್ ಸರಿ ಉಂಟಾ ನೋಡಿ ಮಾರಾಯ್ರೆ. ವರ್ಷಗಟ್ಟಲೆ ನಿಂತ ಗಾಡಿ ಅಲ್ವಾ? ಪ್ಲೇಟಿಗೆ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟುವುದುಂಟು.

ಗ್ಯಾರೇಜ್_ಮೇಸ್ತ್ರಿ:
ಒಳ್ಳೇ ಮಾತು. ಪರೀಕ್ಷೆ ಸುಲಭ. ಗಾಡಿ ನಿಂತಿರಲಿ, ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ ಹತ್ತರವರೆಗೆ ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ರೆ ಕ್ಲಚ್ ಬಿಡ್ತಿದೆ. ಹತ್ತು ಎಣಿಸಿದ ಮೇಲೂ ಗರ್ರ್ ಅಂದ್ರೆ ಕ್ಲಚ್ ಎಳೀತಿದೆ, ಅಂದ್ರೆ ಪೂರ್ತಿ ಬಿಡ್ತಿಲ್ಲ, ಡಬಲ್ ಕ್ಲಚ್ ಅಭ್ಯಾಸ ಆಮೇಲೆ ನೋಡಿದ್ರಾಯ್ತು.

ಎಳೀತಿದ್ರೆ ಹುಡುಕಬೇಕಾದ ಜಾಗ: ಹೈಡ್ರಾಲಿಕ್ ಆದ್ರೆ ಲೈನಲ್ಲಿ ಗಾಳಿ, ರಾಡ್ ಆದ್ರೆ ಪಿನ್ನಿನ ತೂತು ಸವೆದು ಮೊಟ್ಟೆ ಆಕಾರ ಆಗಿರೋದು. ಪೆಡಲ್ ಮೇಲ್ಗಡೆ ಒಂದು ಅಂಗುಲದಷ್ಟು ಸುಮ್ಮನೆ ಆಡಬೇಕು. ಎರಡು ಅಂಗುಲ ಆಡಿದ್ರೆ ಒತ್ತಿದ್ದು ಪೂರ್ತಿ ತಲುಪಲ್ಲ. ಆಟವೇ ಇಲ್ಲದಿದ್ರೆ ರಿಲೀಸ್ ಬೇರಿಂಗ್ ಸುಟ್ಟುಹೋಗುತ್ತೆ. ಆಮೇಲೆ ಸ್ಪ್ಲೈನ್, ಅಂದ್ರೆ ಶಾಫ್ಟ್ ಮೇಲಿನ ಉದ್ದುದ್ದ ಹಲ್ಲು. ಇನ್‌ಪುಟ್ ಶಾಫ್ಟ್ ಮೇಲೆ ಪ್ಲೇಟ್ ಹಿಂದೆ ಮುಂದೆ ಜಾರಬೇಕು, ತುಕ್ಕಿದ್ರೆ ಜಾರಲ್ಲ. ಉಜ್ಜಿ, ಬೆರಳ ತುದಿಯಷ್ಟು ಗ್ರೀಸ್ ಸವರಿ ಒರೆಸಿ. ಬಳಿದುಬಿಟ್ಟರೆ ಲೈನಿಂಗಿಗೆ ಸಿಡಿದು ಕ್ಲಚ್ ಸ್ಲಿಪ್ ಆಗುತ್ತೆ. ಕೊನೇದು ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್. ಅದು ಹಿಡಿದುಕೊಂಡಿದ್ರೆ ಪ್ಲೇಟ್ ಬಿಟ್ಟರೂ ಶಾಫ್ಟ್ ತಿರುಗ್ತಾನೇ ಇರುತ್ತೆ. ಇದನ್ನ ಮರೆಯೋ ಗ್ಯಾರೇಜ್‌ಗಳೇ ಹೆಚ್ಚು, ಸಣ್ಣ ಬೇರಿಂಗ್ ನೋಡಿ.

ಕ್ಲೀನರ್_ಸೀಟು:
ಸದ್ದು ಯಾವಾಗ ಬರುತ್ತೆ ಅನ್ನೋದರಿಂದಲೇ ಅರ್ಧ ರೋಗ ಗೊತ್ತಾಗುತ್ತೆ. ಎಲ್ಲಾ ಗೇರಲ್ಲೂ, ನಿಂತಾಗಲೂ ಗರ್ರ್ ಅಂದ್ರೆ ಕ್ಲಚ್. ಇಳಿಸುವಾಗ ಮಾತ್ರ ಅಂದ್ರೆ ಡ್ರೈವರ್. ಒಂದೇ ಗೇರಲ್ಲಿ, ಏರಿಸುವಾಗಲೂ ಇಳಿಸುವಾಗಲೂ ಅಂದ್ರೆ ಆ ಗೇರ್‌ನ ಡಾಗ್ ಅಥವಾ ಅದನ್ನ ಜರುಗಿಸೋ ಫೋರ್ಕ್.

ಮೂತಿಲಾರಿ:
ಹತ್ತು ಎಣಿಸೋ ಪರೀಕ್ಷೆ ಆಯ್ತು. ರಿವರ್ಸ್ ಸದ್ದಿಲ್ಲದೆ ಬಿತ್ತು. ಅಂದ್ರೆ ಡ್ರೈವರ್! ಈಗ ಮುಖ್ಯ ಪ್ರಶ್ನೆ: ನ್ಯೂಟ್ರಲ್‌ನಲ್ಲಿ ಎಷ್ಟು ರೇಸ್ ಕೊಡಬೇಕು ಅಂತ ಹೇಗೆ ತಿಳಿಯೋದು?

ಹುಬ್ಬಳ್ಳಿ_ಲೋಡ್:
ಕಿವಿ.

ಡಬಲ್‌ಕ್ಲಚ್:
ಕಿವಿಗೂ ಒಂದು ಲೆಕ್ಕ ಬೇಕಲ್ಲ ಅಣ್ಣ. ಉದಾಹರಣೆಗೆ ಥರ್ಡ್ ಅನುಪಾತ (ಔಟ್‌ಪುಟ್ ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ಅನ್ನೋದು) 2.4, ಫೋರ್ತ್ 1.5 ಅಂತ ಇಟ್ಕೊಳ್ಳಿ. ಥರ್ಡ್‌ನಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತಲ್ಲಿದ್ದಾಗ ಫೋರ್ತ್‌ಗೆ ಹೋದ್ರೆ ಅದೇ ವೇಗಕ್ಕೆ 1250 ಸುತ್ತು ಸಾಕು. 750 ಇಳಿಯೋವರೆಗೆ ಕಾಯಬೇಕು. ಹಿಂದಕ್ಕೆ ಬರುವಾಗ ಅದೇ 750 ಏರಿಸಬೇಕು.

ಇಲ್ಲೇ ಎಲ್ಲರೂ ಬೀಳೋ ಹಳ್ಳ ಇರೋದು. ಡೀಸೆಲ್ ಪಂಪಿನ ಗವರ್ನರ್ ಎಂಜಿನ್ನನ್ನ 2800 ಸುತ್ತಿಗೆ ತಡೆಯುತ್ತೆ ಅಂದುಕೊಳ್ಳಿ. ಫೋರ್ತ್‌ನಲ್ಲಿ 1800 ಸುತ್ತಲ್ಲಿ ಓಡ್ತಾ ಥರ್ಡ್‌ಗೆ ಇಳಿಸೋಕೆ 2880 ಬೇಕು. ಆಕ್ಸಿಲರೇಟರ್ ನೆಲಕ್ಕೆ ತುಳಿದರೂ ಆ ಎಂಜಿನ್ ಅಲ್ಲಿಗೆ ಏರಲ್ಲ. ಎಷ್ಟೇ ಚೆನ್ನಾಗಿ ಡಬಲ್ ಕ್ಲಚ್ ಮಾಡಿದ್ರೂ ಗರ್ರೇ. ಫೋರ್ತ್‌ನಲ್ಲಿ 1750ಕ್ಕಿಂತ ಕೆಳಗಿದ್ದರೆ ಮಾತ್ರ ಥರ್ಡ್ ಸಿಗುತ್ತೆ. 9.00-20 ಟೈರು, ಕ್ರೌನ್ ಅನುಪಾತ 6 ಆದ್ರೆ ಅದು ಗಂಟೆಗೆ ಸುಮಾರು 36 ಕಿ.ಮೀ. ಮೊದಲು ಬ್ರೇಕ್, ಆಮೇಲೆ ಗೇರ್. ನಿಮ್ಮ ಗಾಡಿಯ ಅನುಪಾತ ಬೇರೆ ಇರಬಹುದು, ಅಳೆದು ನೋಡಿ.

ಮೈಸೂರ್_ಮರ:
ಮುಟ್ಟಿ ತಿಳಿಯೋದೂ ಒಂದಿದೆ. ಲಿವರ್ ಗುಂಡನ್ನ ಮುಷ್ಟಿಯಲ್ಲಿ ಹಿಡೀಬೇಡಿ. ಮೂರು ಬೆರಳಲ್ಲಿ ಹಿಡಿದು, ಗೇಟಿನ ಬಾಯಿಗೆ ತಂದು ತುಸುವೇ ಒರಗಿಸಿ. ವೇಗ ಹೊಂದಿಲ್ಲದಿದ್ರೆ ಬೆರಳಿಗೆ ಝುಮ್ ಅಂತ ನಡುಕ ಬರುತ್ತೆ, ಒತ್ತಬೇಡಿ. ಎಂಜಿನ್ ಹೊಂದುತ್ತಾ ಬಂದ ಹಾಗೆ ನಡುಕ ಬಿಡಿಬಿಡಿ ಆಗುತ್ತೆ: ಟರ್ರ್, ಟ್ರಕ್ ಟ್ರಕ್, ಟಕ್... ಟಕ್. ಎರಡು ಟಕ್ ನಡುವೆ ಸಂದು ಸಿಕ್ಕಾಗ ಬೆರಳಿನ ಭಾರಕ್ಕೇ ಒಳಗೆ ಹೋಗುತ್ತೆ. ಮುಷ್ಟಿ ಬಿಗಿಹಿಡಿದವರಿಗೆ ಈ ನಡುಕ ಗೊತ್ತೇ ಆಗಲ್ಲ.

ಗ್ಯಾರೇಜ್_ಮೇಸ್ತ್ರಿ:
ಸರಿ, ಆದ್ರೆ ಒರಗಿಸೋದು ಅರೆ ಸೆಕೆಂಡ್. ಅಲ್ಲೇ ಒತ್ತಿ ಕಾಯ್ತಾ ಕೂತರೆ ಹಲ್ಲಿನ ಮೂಲೆ ಹೋಯ್ತು ಅಂತಲೇ ಅರ್ಥ. ಹಾಗೇ, ಓಡಿಸುವಾಗ ಎಡಗೈ ಲಿವರ್ ಮೇಲೆ ಇಟ್ಟುಕೊಂಡಿರೋ ಚಟ ಬಿಡಿ. ಆ ಭಾರ ಫೋರ್ಕಿಗೆ ಬೀಳುತ್ತೆ, ಫೋರ್ಕಿನ ತುದಿ ಸವೆಯುತ್ತೆ.

ಕ್ಲೀನರ್_ಸೀಟು:
ಮೊದಲ ದಿನದ ಪಾಠ ಇಷ್ಟೇ ಇರಲಿ: ಖಾಲಿ ರಸ್ತೆ, ಥರ್ಡ್, 20 ಕಿ.ಮೀ. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಡಿ, ಎಂಜಿನ್ ಸದ್ದು ಮೊದಲು ಎಷ್ಟಿತ್ತೋ ಅಷ್ಟಕ್ಕೇ ಹಿಡಿದು ನಿಲ್ಲಿಸಿ, ಕ್ಲಚ್ ಒತ್ತಿ ಮತ್ತೆ ಅದೇ ಥರ್ಡ್. ಬೇರೆ ಗೇರ್ ಬೇಡ. ತೆಗೆದ ಗೇರನ್ನೇ ಸದ್ದಿಲ್ಲದೆ ವಾಪಸ್ ಹಾಕೋಕೆ ಬಂದ್ರೆ ಅರ್ಧ ಕಲಿತ ಹಾಗೆ, ಯಾಕಂದ್ರೆ ಹಿಡಿಯಬೇಕಾದ ಸದ್ದು ಯಾವುದು ಅಂತ ಕಿವಿಗೆ ಆಗಲೇ ಗೊತ್ತಿರುತ್ತೆ. ಇಪ್ಪತ್ತು ಮೂವತ್ತು ಸಲ ಆದ್ಮೇಲೆ ಫೋರ್ತ್-ಥರ್ಡ್. ಥರ್ಡ್-ಸೆಕೆಂಡ್ ಕೊನೆಗೆ, ಅದರ ನಡುವಿನ ಅಂತರ ದೊಡ್ಡದು.

ಅಂಬಾಸಿಡರ್_ಅಣ್ಣ:
ಫಸ್ಟ್ ಗೇರ್ ಬಗ್ಗೆ ಯಾರೂ ಹೇಳ್ಲಿಲ್ಲ?

ಗ್ಯಾರೇಜ್_ಮೇಸ್ತ್ರಿ:
ಹೇಳೋಕೇನಿಲ್ಲ. ಖಾಲಿ ಗಾಡಿ, ಸಮ ರಸ್ತೆ ಅಂದ್ರೆ ಸೆಕೆಂಡ್‌ನಲ್ಲೇ ಎತ್ತಿ. ಫಸ್ಟ್ ಇರೋದು ಲೋಡ್ ಹೊತ್ತು ಏರಲ್ಲಿ ನಿಂತಾಗ ಎತ್ತೋಕೆ. ಓಡ್ತಿರೋ ಗಾಡಿಯಲ್ಲಿ ಫಸ್ಟ್‌ಗೆ ಇಳಿಸೋ ಸಾಹಸ ಬೇಡ, ನಿಲ್ಲಿಸಿ ಹಾಕಿ. ನಿಂತಾಗಲೂ ಹಲ್ಲಿಗೆ ಹಲ್ಲು ಎದುರಾಗಿ ಬೀಳದಿದ್ರೆ ಗುದ್ದಬೇಡಿ. ನ್ಯೂಟ್ರಲ್‌ಗೆ ತಂದು ಕ್ಲಚ್ ಒಂದಿಷ್ಟು ಬಿಟ್ಟು ಒತ್ತಿ, ಶಾಫ್ಟ್ ಸ್ವಲ್ಪ ತಿರುಗುತ್ತೆ. ಅದು ನಿಂತ ಮೇಲೆ ಹಾಕಿ.

ಶಿರಾಡಿ_ಘಾಟಿ:
ಸಮತಟ್ಟಿನಲ್ಲಿ ಕಲಿತದ್ದನ್ನು ಹಾಗೇ ಘಾಟಿಗೆ ತರ್ಲಿಕ್ಕೆ ಆಗುವುದಿಲ್ಲ. ಏರಿನಲ್ಲಿ ನ್ಯೂಟ್ರಲಿಗೆ ಬಂದ ಕೂಡಲೇ ಗಾಡಿಯೇ ನಿಧಾನ ಆಗ್ತದೆ. ಮೇಲಿನ ಗೇರಿಗೆ ಹೋಗ್ಲಿಕ್ಕೆ ಎಂಜಿನ್ ಇಳಿಯುವುದನ್ನು ಕಾಯುವಷ್ಟರಲ್ಲಿ ಗಾಡಿ ಇನ್ನೂ ಇಳಿದಿರ್ತದೆ, ಗೇರ್ ಬಿದ್ದರೂ ಎಳೆಯುವುದಿಲ್ಲ. ಲೋಡಿನಲ್ಲಿ ಏರು ಮುಗಿಯುವವರೆಗೆ ಇದ್ದ ಗೇರಲ್ಲೇ ಇರಿ. ಇಳಿಸುವುದಾದರೆ ಬೇಗ ಇಳಿಸಿ, ಎಂಜಿನ್ 1400ರ ಹತ್ತಿರ ಇರುವಾಗಲೇ. 900ಕ್ಕೆ ಬಂದು ಗುದ್ದಾಡುವಾಗ ಅಲ್ಲ. ಏರಿನಲ್ಲಿ ರೇಸ್ ಸ್ವಲ್ಪ ಕಡಿಮೆ ಸಾಕು, ಗೇರ್ ಹಾಕುವಷ್ಟರಲ್ಲಿ ಗಾಡಿ ನಿಧಾನ ಆಗಿರ್ತದಲ್ಲ.

ಇಳಿಯುವಾಗ ಇದು ಉಲ್ಟಾ. ನ್ಯೂಟ್ರಲಿಗೆ ಬಂದ ಗಾಡಿ ಓಡ್ಲಿಕ್ಕೆ ಶುರು ಮಾಡ್ತದೆ, ಬೇಕಾದ ಸುತ್ತು ಕ್ಷಣಕ್ಷಣಕ್ಕೂ ಮೇಲೆ ಹೋಗ್ತದೆ, ಗವರ್ನರ್ ದಾಟಿದರೆ ಮತ್ತೆ ಯಾವ ಕೆಳಗಿನ ಗೇರೂ ಇಲ್ಲ. ಆದ್ದರಿಂದ ಘಾಟಿಯ ತಲೆಯಲ್ಲೇ, ಇಳಿಜಾರು ಶುರುವಾಗುವ ಮೊದಲೇ ಗೇರ್ ಹಾಕಿಕೊಳ್ಬೇಕು. ಹತ್ತಿದ ಗೇರಲ್ಲೇ ಇಳಿ ಅಂತ ಹಳಬರು ಹೇಳುವುದು ಸುಮ್ಮನೆ ಅಲ್ಲ.

ಗಿಯರ್_ಗಿರಾಕಿ:
ಮಧ್ಯದಲ್ಲಿ ಗೇರ್ ತಪ್ಪಿಹೋದ್ರೆ?

ಶಿರಾಡಿ_ಘಾಟಿ:
ಬ್ರೇಕ್ ಮೊದಲು, ಗೇರ್ ಎರಡನೆಯದು. ಕೆಳಗಿನದು ಸಿಗದಿದ್ದರೆ ಹಠ ಮಾಡ್ಬೇಡಿ, ಬಿಟ್ಟು ಬಂದ ಗೇರನ್ನೇ ಮತ್ತೆ ಹಿಡಿಯಿರಿ. ಅದಕ್ಕೆ ಬೇಕಾದ ಸುತ್ತು ಕಡಿಮೆ, ಸಿಗುವುದು ಸುಲಭ. ಅದರಲ್ಲಿ ಬ್ರೇಕ್ ಹಾಕಿ ವೇಗ ಇಳಿಸಿದ ಮೇಲೆ ಕೆಳಗಿನದಕ್ಕೆ ಹೋಗಿ.

ಹುಬ್ಬಳ್ಳಿ_ಲೋಡ್:
ಡೀಸೆಲ್ ಉಳಸಾಕಂತ ಎಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನ್ಯಾಗ ಇಳ್ಸೋ ಮಂದಿ ಇನ್ನೂ ಅದಾರ. ಏರ್ ಬ್ರೇಕ್ ಇದ್ದರ ಕಂಪ್ರೆಸರ್ ತಿರಗೋದು ಎಂಜಿನ್ ಮ್ಯಾಲ. ಮತ್ತ ಮತ್ತ ಬ್ರೇಕ್ ಒತ್ತಿದ್ರ ಟ್ಯಾಂಕಿನ ಗಾಳಿ ಖಾಲಿ. ಅದನ್ನ ಯಾರೂ ಕಲಿಬ್ಯಾಡ್ರಿ.

ಅಂಬಾಸಿಡರ್_ಅಣ್ಣ:
ವಿಷಯ ಬಿಟ್ಟು ಒಂದು ಪ್ರಶ್ನೆ. ಮೂತಿ ಮೇಲೆ ಮರ್ಸಿಡಿಸ್ ಸ್ಟಾರ್ ಇದೆಯಾ, ಟಾಟಾದ ಟಿ ಇದೆಯಾ? ಸ್ಟಾರ್ ಇದ್ರೆ 1969ರ ಒಳಗಿನ ಗಾಡಿ.

ಮೈಸೂರ್_ಮರ:
ಟೆಲ್ಕೋ (ಈಗಿನ ಟಾಟಾ ಮೋಟರ್ಸ್) ಮತ್ತು ಡೈಮ್ಲರ್-ಬೆನ್ಜ್ ಒಪ್ಪಂದ 1954ರಿಂದ 1969ರವರೆಗೆ, ಅದು ಸರಿ. ಆದ್ರೆ ಲಾಂಛನಕ್ಕೆ ಎರಡು ನಟ್ಟು ಸಾಕು, ಯಾವ ಮೂತಿಗೆ ಬೇಕಾದ್ರೂ ಕೂರುತ್ತೆ. ಚಾಸಿಸ್ ನಂಬರ್ ನೋಡಿ ಮಾತಾಡಿ. ಬಾಕ್ಸೂ ಹಾಗೇ. ಐವತ್ತು ಅರವತ್ತು ವರ್ಷದ ಗಾಡಿಯಲ್ಲಿ ಬೇರೆ ಮಾಡೆಲಿನ ಬಾಕ್ಸ್ ಕೂತಿರಬಹುದು, ಅದಕ್ಕೇ ಪುಸ್ತಕದ ಅನುಪಾತ ನಂಬೋ ಬದಲು ಅಳೆಯೋದು ವಾಸಿ.

ಅಂಬಾಸಿಡರ್_ಅಣ್ಣ:
ವಿಂಟೇಜ್ ಅಂತ ರಿಜಿಸ್ಟ್ರೇಶನ್ ಮಾಡಿಸಿದ್ರೆ ಲೈಸೆನ್ಸ್ ತಲೆನೋವು ಇರಲ್ಲ ಅಲ್ವಾ?

ಆರ್‌ಟಿಒ_ಕ್ಯೂ:
ಎರಡೂ ತಪ್ಪು. 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ಕಾರುಗಳಿಗೆ. ಸರಕು ಲಾರಿ ಅದರೊಳಗೆ ಬರಲ್ಲ. ಲೈಸೆನ್ಸ್ ಬೇರೆ ವಿಚಾರ. ಒಟ್ಟು ತೂಕ 7,500 ಕೆ.ಜಿ. ಒಳಗಿದ್ರೆ ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ನಡೆಯುತ್ತೆ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಖಚಿತ ಮಾಡಿದೆ. ಆರ್‌ಸಿಯಲ್ಲಿ ಅದಕ್ಕಿಂತ ಹೆಚ್ಚಿದ್ರೆ ಗಾಡಿ ಖಾಲಿ ಇದ್ರೂ ಎಲ್‌ಎಂವಿ ಸಾಲಲ್ಲ, ಟ್ರಾನ್ಸ್‌ಪೋರ್ಟ್ ಲೈಸೆನ್ಸೇ ಬೇಕು. ಲೆಕ್ಕಕ್ಕೆ ಬರೋದು ಒಟ್ಟು ತೂಕ, ಆ ಹೊತ್ತಿನ ಲೋಡ್ ಅಲ್ಲ.

ಗ್ಯಾರೇಜ್_ಮೇಸ್ತ್ರಿ:
ಗೇರಿಗೆ ವಾಪಸ್ ಬರೋಣ. ಎಣ್ಣೆ 90 ಅಂದ್ರಿ, ದರ್ಜೆ ಯಾವುದು, ಜಿಎಲ್-4 ಹಾಕಿದ್ದೋ ಜಿಎಲ್-5 ಹಾಕಿದ್ದೋ? ಜಿಎಲ್-5 ಕ್ರೌನ್ ಪಿನಿಯನ್‌ಗೆ ಚೆನ್ನ. ಬಾಕ್ಸಲ್ಲಿ ಕಂಚಿನ ಬುಷ್, ಥ್ರಸ್ಟ್ ವಾಷರ್ ಇದ್ರೆ ಅದರಲ್ಲಿನ ಗಂಧಕದ ಅಂಶ ಕಂಚನ್ನ ತಿನ್ನುತ್ತೆ. ಬಾಕ್ಸಿಗೆ ಜಿಎಲ್-4 ಹಾಕಿ. ಲೆವೆಲ್ ಪ್ಲಗ್ಗಿನ ತೂತಿಂದ ಎಣ್ಣೆ ಹೊರಗೆ ಸುರಿಯೋವರೆಗೆ ತುಂಬಿ, ಗಾಡಿ ಸಮತಟ್ಟಿನಲ್ಲಿರಲಿ. ಮೊದಲ 500 ಕಿ.ಮೀ. ಆದ್ಮೇಲೆ ಬಸಿದು ಬೆರಳಲ್ಲಿ ಉಜ್ಜಿ ನೋಡಿ. ಬೂದಿಯಂಥ ಕೆಸರು ಬಂದ್ರೆ ಚಿಂತೆ ಇಲ್ಲ. ಅಕ್ಕಿ ಕಾಳಿನಷ್ಟು ಚೂರು ಬಂದ್ರೆ ಅದು ಡಾಗ್ ಹಲ್ಲು.

ಮೂತಿಲಾರಿ:
ಜಿಎಲ್-5 ಇತ್ತು, ಬದಲಾಯಿಸಿ ಆಯ್ತು. ಅಳೆಯೋದು ಹೇಗೆ ಅಂತ ಹೇಳ್ತೀರಾ?

ಡಬಲ್‌ಕ್ಲಚ್:
ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಹಿಂದಿನ ಒಂದು ಪಕ್ಕ ಜಾಕ್ ಹಾಕಿ ಎತ್ತಿ, ಹೌಸಿಂಗ್ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. ಪಂಪಿನ ಸ್ಟಾಪ್ ಎಳೆದೇ ಇರಲಿ, ಇಂಜೆಕ್ಟರ್ ಬಿಚ್ಚಿದ್ರೆ ಕಂಪ್ರೆಷನ್ ತಡೆ ಇಲ್ಲದೆ ಕೈಯಲ್ಲಿ ತಿರುಗುತ್ತೆ. ಕ್ರ್ಯಾಂಕ್ ಪುಲ್ಲಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸುಣ್ಣದ ಗೆರೆ ಎಳೀರಿ. ಥರ್ಡ್ ಹಾಕಿ, ಶಾಫ್ಟ್ 10 ಸುತ್ತು ತಿರುಗೋಕೆ ಎಂಜಿನ್ ಎಷ್ಟು ಸುತ್ತು ಬೇಕು ಎಣಿಸಿ, ಹತ್ತರಿಂದ ಭಾಗಿಸಿ. ಒಬ್ಬರು ತಿರುಗಿಸಲಿ, ಒಬ್ಬರು ಎಣಿಸಲಿ.

ಮೂತಿಲಾರಿ:
ಎಣಿಸಿದ್ದಾಯ್ತು. ಶಾಫ್ಟ್ 10 ಸುತ್ತಿಗೆ ಎಂಜಿನ್ ಥರ್ಡ್‌ನಲ್ಲಿ 25, ಸೆಕೆಂಡ್‌ನಲ್ಲಿ 43. ಹಾಗೇ ಕ್ರೌನ್ ಕೂಡ ನೋಡಿದ್ವಿ: ಶಾಫ್ಟ್ 31 ಸುತ್ತಿಗೆ ಎತ್ತಿದ ಚಕ್ರ 10 ಸುತ್ತು. ಅಂದ್ರೆ 3.1. ಈ ಲೆಕ್ಕದಲ್ಲಿ ಥರ್ಡ್‌ಗೆ 67 ಕಿ.ಮೀ. ವೇಗದಲ್ಲೂ ಇಳಿಸಬಹುದು ಅಂತ ಬರ್ತಿದೆ. ಇಷ್ಟೊಂದು ಹೇಗೆ?

ಕ್ಲೀನರ್_ಸೀಟು:
ಒಂದೇ ಚಕ್ರ ಎತ್ತಿದ್ದೀರಲ್ಲ! ಇನ್ನೊಂದು ನೆಲ ಕಚ್ಚಿ ನಿಂತಿದೆ, ಡಿಫರೆನ್ಷಿಯಲ್‌ನಿಂದಾಗಿ ಎತ್ತಿದ್ದು ಕ್ರೌನಿನ ಎರಡರಷ್ಟು ತಿರುಗುತ್ತೆ. ಚಕ್ರ 10 ಸುತ್ತಿದ್ರೆ ಕ್ರೌನ್ 5. ಗೇರ್ ಅನುಪಾತಕ್ಕೆ ತೊಂದರೆ ಇಲ್ಲ, ಅದು ಶಾಫ್ಟಲ್ಲೇ ಎಣಿಸಿದ್ದು.

ಡಬಲ್‌ಕ್ಲಚ್:
ಹೌದು, ನಿಮ್ಮ ಕ್ರೌನ್ 6.2. ಟೈರು 9.00-20 ಆದ್ರೆ ಒಂದು ಸುತ್ತಿಗೆ ಸುಮಾರು 3.1 ಮೀಟರ್. 2800ರ ಮಿತಿಗೆ ಥರ್ಡ್ ಸಿಗೋದು 33 ಕಿ.ಮೀ. ಕೆಳಗೆ, ಸೆಕೆಂಡ್ 19ರ ಕೆಳಗೆ. ಹಳೇ ಎಂಜಿನ್ನನ್ನ ಅಲ್ಲಿವರೆಗೆ ಎಳೀಬೇಡಿ, 2200 ಇಟ್ಕೊಳ್ಳಿ. ಥರ್ಡ್‌ಗೆ 26, ಸೆಕೆಂಡ್‌ಗೆ 15. ಡ್ಯಾಶ್‌ಬೋರ್ಡ್ ಮೇಲೆ ಬಣ್ಣದಲ್ಲಿ ಬರೆದು ಅಂಟಿಸಿಬಿಡಿ.

ಹುಬ್ಬಳ್ಳಿ_ಲೋಡ್:
ಸ್ಪೀಡೋ ಮೀಟರ್ ನಡೀತದೇನ್ರಿ ಮೊದಲ?

ಮೂತಿಲಾರಿ:
ಮುಳ್ಳು 40ರಲ್ಲೇ ನಿಂತಿದೆ. ಗಾಡಿ ನಿಂತಾಗಲೂ.